ಹೊಗಳಿಕೆಯ ಪದ್ಯ, ಉತ್ತರದ ಜಾಗ: ಲೀಲಾವತಿ, ಇಂಗ್ಲಿಷ್ ಸಂಕಲನ ಮತ್ತು ಗರತಿಯ ಹಾಡು ಕುರಿತು ಒಂದು ಪಾಠಾಧ್ಯಯನ

ಪೀಠಿಕೆ

ಬಿ.ಇಡ್. ಪಠ್ಯಕ್ರಮದಲ್ಲಿ ಗಣಿತ, ವಿಜ್ಞಾನ ಬೋಧನಾ ಪದ್ಧತಿಗಳ ಜೊತೆಗೆ ಪಠ್ಯಕ್ರಮದಾದ್ಯಂತ ಭಾಷೆ, ಲಿಂಗತ್ವ ಮತ್ತು ಶಾಲೆ, ಪಠ್ಯಗಳ ಓದು ಮತ್ತು ಪ್ರತಿಫಲನ ಎಂಬ ವಿಷಯಗಳೂ ಇವೆ. ಬಿ.ಎಸ್ಸಿ. ಮುಗಿಸಿ ಬಂದವರಲ್ಲಿ ಈ ವಿಷಯಗಳು ಭಾಷಾ ಶಿಕ್ಷಕರಿಗೆ ಸೇರಿದವು ಎಂಬ ಭಾವನೆ ಸಾಮಾನ್ಯ. ಆದರೆ ಗಣಿತದ ಹೇಳಿಕೆ ಲೆಕ್ಕವೂ ಒಂದು ಪಠ್ಯವೇ. ಅದರಲ್ಲಿ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಉತ್ತರಿಸಬೇಕಾಗುತ್ತದೆ. ಯಾರು ಯಾರನ್ನು ಹೇಗೆ ಕರೆದು ಕೇಳುತ್ತಾರೆ ಎಂಬುದರಲ್ಲಿಯೇ ಮಕ್ಕಳು ತಮ್ಮ ಸ್ಥಾನವನ್ನು ಅಳೆದುಕೊಳ್ಳುತ್ತಾರೆ.

ಹೆಣ್ಣಿಗಾಗಿ ಬರೆದ, ಹೆಣ್ಣನ್ನು ಕುರಿತು ಬರೆದ ಪದ್ಯಗಳಲ್ಲಿ ಹೊಗಳಿಕೆ ಬಹಳ. ಕಣ್ಣು, ನಡಿಗೆ, ಮೃದುತ್ವಗಳನ್ನು ಕೊಂಡಾಡಿ ಅವಳನ್ನು ಓಲೈಸುವ ಈ ರೀತಿಯನ್ನು ಇಂಗ್ಲಿಷಿನಲ್ಲಿ ಗ್ಯಾಲಂಟ್ರಿ ಎನ್ನುತ್ತಾರೆ. ಕನ್ನಡದಲ್ಲಿ ಓಲೈಕೆ ಎನ್ನಬಹುದು. ಪ್ರೇಮ ಬೇರೆ, ಓಲೈಕೆ ಬೇರೆ. ಪ್ರೇಮದಲ್ಲಿ ಎದುರಿನವರ ಮಾತಿಗೆ ಜಾಗವಿರುತ್ತದೆ; ಬರಿಯ ಓಲೈಕೆಗೆ ಆ ಮಾತು ಬೇಕಾಗಿಲ್ಲ. ಹದಿಮೂರು, ಹದಿನಾಲ್ಕರ ವಯಸ್ಸಿನ ಹುಡುಗ ಹುಡುಗಿಯರು ಸಿನಿಮಾ ಹಾಡಿನಿಂದ ಹಿಡಿದು ಮೊಬೈಲ್ ಸ್ಟೇಟಸ್‌ವರೆಗೆ ಎಲ್ಲ ಕಡೆ ಓಲೈಕೆಯನ್ನೇ ಕೇಳುತ್ತಿರುವಾಗ, ಈ ವ್ಯತ್ಯಾಸವನ್ನು ತಿಳಿಸುವ ಕೆಲಸ ಯಾರದು? ಶಾಲೆಯದೂ ಹೌದು ಎಂಬುದು ಈ ಲೇಖನದ ನಿಲುವು.

ಇದಕ್ಕಾಗಿ ಮೂರು ಬಗೆಯ ಪಠ್ಯಗಳನ್ನು ಆರಿಸಿಕೊಂಡು ಎರಡು ಪಾಠಗಳನ್ನು ರೂಪಿಸಲಾಯಿತು. ಮೊದಲನೆಯದು ತಿಕೋಟಾದ ಒಂದು ಪ್ರೌಢಶಾಲೆಯ ಎಂಟನೆಯ ತರಗತಿಗೆ ಗಣಿತ ಪಾಠ; ಎರಡನೆಯದು ಬಬಲೇಶ್ವರದ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಗೆ ಓದಿನ ಪಾಠ. ಪ್ರತಿ ಪಠ್ಯಕ್ಕೂ ಕೇಳಿದ ಪ್ರಶ್ನೆಗಳು ಮೂರೇ:

1. ಇಲ್ಲಿ ಮಾತನಾಡುತ್ತಿರುವವರು ಯಾರು?
2. ಯಾರನ್ನು ಕುರಿತು, ಏನೆಂದು ಕರೆದು ಮಾತನಾಡುತ್ತಾರೆ?
3. ಕೇಳಿಸಿಕೊಂಡವರಿಗೆ ಉತ್ತರಿಸಲು ಜಾಗವಿದೆಯೇ?

ಮೊದಲ ಪಠ್ಯ: ಲೀಲಾವತಿ

ಭಾಸ್ಕರಾಚಾರ್ಯ ಹುಟ್ಟಿದ್ದು 1114ರಲ್ಲಿ. ತನ್ನ 36ನೆಯ ವಯಸ್ಸಿನಲ್ಲಿ, 1150ರಲ್ಲಿ, ಅವನು ಸಿದ್ಧಾಂತ ಶಿರೋಮಣಿಯನ್ನು ಬರೆದ. ಅದರ ಅಂಕಗಣಿತದ ಭಾಗವೇ ಲೀಲಾವತಿ. ಸಹ್ಯಾದ್ರಿಯ ಕಡೆಯ ವಿಜ್ಜಡವಿಡ ತನ್ನ ಊರೆಂದು ಅವನು ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎಂದು ಗುರುತಿಸುವವರಿದ್ದಾರೆ. ಮಹಾರಾಷ್ಟ್ರದ ಚಾಳೀಸಗಾಂವ ಸಮೀಪದ ಪಾಟಣದಲ್ಲಿ ಅವನ ಮೊಮ್ಮಗ ಚಾಂಗದೇವನ ಕಾಲದ ಶಾಸನ ಸಿಕ್ಕಿರುವುದರಿಂದ ಊರನ್ನು ಆ ಕಡೆಗೆ ಗುರುತಿಸುವ ವಿದ್ವಾಂಸರೂ ಇದ್ದಾರೆ. ತರಗತಿಯಲ್ಲಿ ಎರಡೂ ಅಭಿಪ್ರಾಯಗಳನ್ನು ಹೇಳುವುದು ಸರಿ. ಊರಿನ ಅಭಿಮಾನ ಪಾಠಕ್ಕೆ ಒಳ್ಳೆಯ ಬಾಗಿಲು. ಅದನ್ನೇ ಪುರಾವೆ ಎಂದುಕೊಳ್ಳಬಾರದು ಎಂಬುದೂ ವಿಜ್ಞಾನದ ಪಾಠವೇ.

ಲೀಲಾವತಿಯ ಲೆಕ್ಕಗಳು ಪದ್ಯದಲ್ಲಿವೆ. ಕೆಲವು ಕಡೆ ಕವಿ ಗೆಳೆಯನನ್ನು, ವರ್ತಕನನ್ನು, ಗಣಕನನ್ನು ಕರೆದು ಕೇಳುತ್ತಾನೆ. ಇನ್ನು ಕೆಲವು ಕಡೆ ಒಬ್ಬ ಹೆಣ್ಣನ್ನು ಕರೆಯುತ್ತಾನೆ. ಬಾಲೆ ಎನ್ನುತ್ತಾನೆ, ಕಾಂತೆ ಎನ್ನುತ್ತಾನೆ, ಅವಳ ಕಣ್ಣನ್ನು ಜಿಂಕೆಯ ಕಣ್ಣಿಗೆ ಹೋಲಿಸುತ್ತಾನೆ. ಹಾಗೆ ಕರೆದ ಬೆನ್ನಿಗೇ ಗುಣಾಕಾರವನ್ನೋ ಭಿನ್ನರಾಶಿಯನ್ನೋ ಕೇಳುತ್ತಾನೆ. ಹೊಗಳಿಕೆ ಇದೆ, ಅದರ ಜೊತೆಗೆ ನಿನಗೆ ಇದು ಬರುತ್ತದೆ ಎಂಬ ನಂಬಿಕೆಯೂ ಇದೆ. ಇದು ಬರಿಯ ಓಲೈಕೆಗಿಂತ ಒಂದು ಹೆಜ್ಜೆ ಮುಂದೆ.

ಲೀಲಾವತಿ ಭಾಸ್ಕರನ ಮಗಳು, ನೀರಿನ ಗಡಿಯಾರದಲ್ಲಿ ಮುತ್ತು ಬಿದ್ದು ಮದುವೆಯ ಮುಹೂರ್ತ ತಪ್ಪಿತು, ತಂದೆ ಸಮಾಧಾನಕ್ಕೆ ಪುಸ್ತಕಕ್ಕೆ ಅವಳ ಹೆಸರಿಟ್ಟ ಎಂಬ ಕಥೆಯನ್ನು ಅನೇಕ ಮಕ್ಕಳು ಕೇಳಿರುತ್ತಾರೆ. ಈ ಕಥೆ ಭಾಸ್ಕರನ ಗ್ರಂಥದಲ್ಲಿಲ್ಲ. ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದ ಮೂಲಕ ಅದು ಪ್ರಚಾರಕ್ಕೆ ಬಂತು. ಗ್ರಂಥವನ್ನಷ್ಟೇ ನೋಡಿದರೆ ಲೀಲಾವತಿ ಯಾರೆಂದು ಹೇಳಲು ಬರುವುದಿಲ್ಲ. ಅವಳನ್ನು ಕರೆಯುವ ಮಾತಿದೆ; ಅವಳು ಆಡಿದ ಮಾತಿಲ್ಲ. ನಮ್ಮ ಮೂರನೆಯ ಪ್ರಶ್ನೆ ಇಲ್ಲಿಯೇ ತಡೆದು ನಿಲ್ಲುತ್ತದೆ.

ಎರಡನೆಯ ಪಠ್ಯ: ಹದಿನೆಂಟನೆಯ ಶತಮಾನದ ಇಂಗ್ಲಿಷ್ ಸಂಕಲನಗಳು

ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಓದುಬರಹ ಬಲ್ಲ ಮಧ್ಯಮವರ್ಗದ ಮಹಿಳೆಯರ ಸಂಖ್ಯೆ ಹೆಚ್ಚುತ್ತಿದ್ದಂತೆ ಅವರಿಗೆಂದೇ ಪದ್ಯ ಸಂಕಲನಗಳು ಬಂದವು. 1774ರಲ್ಲಿ ಲಾರ್ಡ್ಸ್ ಸಭೆ ಪುಸ್ತಕಗಳ ಮೇಲಿನ ಶಾಶ್ವತ ಹಕ್ಕನ್ನು ತಳ್ಳಿಹಾಕಿದ ಮೇಲೆ ಹಳೆಯ ಕವಿತೆಗಳನ್ನು ಆರಿಸಿ ಅಗ್ಗವಾಗಿ ಅಚ್ಚುಹಾಕುವುದು ಇನ್ನೂ ಸುಲಭವಾಯಿತು. ಆಲಿವರ್ ಗೋಲ್ಡ್‌ಸ್ಮಿತ್ ಯುವತಿಯರಿಗಾಗಿ ಸಂಪಾದಿಸಿದ ಪದ್ಯ ಸಂಕಲನ 1767ರದು. ಅದರಲ್ಲಿ ಮೂರು ಭಾಗಗಳು: ಮೊದಲು ಭಕ್ತಿ, ಆಮೇಲೆ ನೀತಿ, ಕಡೆಗೆ ಮನರಂಜನೆ. ಆ ಅನುಕ್ರಮವೇ ಒಂದು ಅಭಿಪ್ರಾಯ. ಹುಡುಗಿ ಏನು ಓದಬೇಕು, ಯಾವುದಾದ ಮೇಲೆ ಯಾವುದನ್ನು ಓದಬೇಕು ಎಂಬುದನ್ನು ಸಂಪಾದಕ ತೀರ್ಮಾನಿಸುತ್ತಾನೆ.

ಆ ಕಾಲದ ಪದ್ಯಗಳಲ್ಲಿ ಬೀಸಣಿಗೆ, ಕೈಗವಸು, ಕನ್ನಡಿ, ಸಾಕುಹಕ್ಕಿಗಳ ನೆಪದಲ್ಲಿ ಹೆಣ್ಣನ್ನು ದೇವತೆಯಾಗಿಸುವ ಹೊಗಳಿಕೆ ಧಾರಾಳ. ಇದಕ್ಕೆ ಒಳಗಿನಿಂದಲೇ ಉತ್ತರ ಕೊಟ್ಟವರೂ ಇದ್ದರು. ಮೇರಿ ಲೀಪರ್ ತೋಟಗಾರನೊಬ್ಬನ ಮಗಳು. ಅಡುಗೆಮನೆಯ ಕೆಲಸ ಮಾಡಿಕೊಂಡಿದ್ದವಳು. 1746ರಲ್ಲಿ 24ರ ಹರೆಯದಲ್ಲಿ ತೀರಿಕೊಂಡಳು. ಮದುವೆಗೆ ಮುಂಚೆ ದೇವತೆ ಎನಿಸಿಕೊಂಡವಳು ಮದುವೆಯ ಮರುದಿನ ಮಣ್ಣಾಗುವ ಬಗೆಯನ್ನು ಅವಳು ಪದ್ಯದಲ್ಲಿ ಕಟುವಾಗಿ ಹೇಳಿದ್ದಾಳೆ. ಜಾರ್ಜ್ ಕೋಲ್ಮನ್ ಮತ್ತು ಬಾನೆಲ್ ಥಾರ್ನ್‌ಟನ್ 1755ರಲ್ಲಿ ಹೊರತಂದ ಕವಯಿತ್ರಿಯರ ಸಂಕಲನದಲ್ಲಿ ಲೀಪರಳ ಪದ್ಯಗಳಿಗೂ ಜಾಗ ಸಿಕ್ಕಿತು.

ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ಮಹಿಳೆಯರ ಹಕ್ಕುಗಳ ಸಮರ್ಥನೆಯನ್ನು ಬರೆದಾಗ ಓಲೈಕೆಯನ್ನೇ ನೇರವಾಗಿ ಪ್ರಶ್ನಿಸಿದಳು. ಬಿದ್ದ ಕರವಸ್ತ್ರವನ್ನು ಎತ್ತಿಕೊಡುವಂಥ ಸಣ್ಣ ಉಪಚಾರಗಳು ಹೆಣ್ಣಿಗೆ ಗೌರವದಂತೆ ಕಂಡರೂ ಅವಳನ್ನು ಅಶಕ್ತಳೆಂದು ಸಾರುತ್ತವೆ. ಅವಳಿಗೆ ಬೇಕಾದದ್ದು ವಿದ್ಯೆ ಎಂಬುದು ಅವಳ ವಾದದ ತಿರುಳು. ಇದಕ್ಕೆ ಮೂರು ವರ್ಷ ಮೊದಲು, 1789ರಲ್ಲಿ, ಅವಳೇ ಯುವತಿಯರಿಗಾಗಿ ಒಂದು ಓದುಪುಸ್ತಕವನ್ನು ಸಂಕಲಿಸಿದ್ದಳು. ಆದರೆ ಪುಸ್ತಕದ ಮೇಲೆ ಇದ್ದದ್ದು ಕ್ರೆಸ್ವಿಕ್ ಎಂಬ ವಾಚನ ಶಿಕ್ಷಕನ ಹೆಸರು, ಅಂದರೆ ಗಂಡಸಿನ ಹೆಸರು.

ಗಣಿತದವರಿಗೆ ಹತ್ತಿರವಾದ ಇನ್ನೊಂದು ಉದಾಹರಣೆ ಲೇಡೀಸ್ ಡೈರಿ ಎಂಬ ವಾರ್ಷಿಕ ಪಂಚಾಂಗ. ಕೊವೆಂಟ್ರಿಯ ಶಾಲಾ ಶಿಕ್ಷಕ ಜಾನ್ ಟಿಪ್ಪರ್ ಇದನ್ನು 1704ರಲ್ಲಿ ಮಹಿಳೆಯರಿಗಾಗಿ ಆರಂಭಿಸಿದ. ಕೆಲವೇ ವರ್ಷಗಳಲ್ಲಿ ಅದರಲ್ಲಿ ಒಗಟುಗಳ ಜೊತೆಗೆ ಗಣಿತದ ಪ್ರಶ್ನೆಗಳೂ ಬರತೊಡಗಿದವು. ಹಲವು ಪ್ರಶ್ನೆಗಳು ಪದ್ಯದಲ್ಲೇ ಇದ್ದವು. ಓದುಗರು ಉತ್ತರ ಬರೆದು ಕಳಿಸಿದರೆ ಮುಂದಿನ ವರ್ಷ ಹೆಸರಿನೊಡನೆ ಅಚ್ಚಾಗುತ್ತಿತ್ತು. ಉತ್ತರಿಸಿದವರಲ್ಲಿ ಮಹಿಳೆಯರಿದ್ದರು, ಮಹಿಳೆಯ ಹೆಸರಿಟ್ಟುಕೊಂಡು ಬರೆದ ಗಂಡಸರೂ ಇದ್ದರು. 1754ರಿಂದ 1760ರವರೆಗೆ ಇದರ ಸಂಪಾದಕನಾಗಿದ್ದವನು ಥಾಮಸ್ ಸಿಂಪ್ಸನ್. ಬಿ.ಎಸ್ಸಿ.ಯಲ್ಲಿ ಸಂಖ್ಯಾತ್ಮಕ ಅನುಕಲನಕ್ಕೆ ನಾವು ಬಳಸಿದ ಸಿಂಪ್ಸನ್ ನಿಯಮ ಅವನ ಹೆಸರಿನದೇ. ಓಲೈಕೆಯ ಪದ್ಯಗಳ ಕಾಲದಲ್ಲಿಯೇ, ಹೆಣ್ಣಿನ ಉತ್ತರಕ್ಕೆ ಪುಟದಲ್ಲಿ ಜಾಗವಿಟ್ಟ ಪ್ರಕಟಣೆಯೂ ಇತ್ತು ಎಂಬುದು ನಮಗೆ ಮುಖ್ಯ.

ಮೂರನೆಯ ಪಠ್ಯ: ಗರತಿಯ ಹಾಡು

ನಮ್ಮ ಜಿಲ್ಲೆಯ ಹಲಸಂಗಿ ಊರಿನ ಗೆಳೆಯರ ಬಳಗ 1931ರಲ್ಲಿ ಗರತಿಯ ಹಾಡು ಸಂಕಲನವನ್ನು ಹೊರತಂದಿತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಈ ಬಳಗದ ಪ್ರಮುಖರು. ಮುಂದೆ ಜೀವನ ಸಂಗೀತ, ಮಲ್ಲಿಗೆ ದಂಡೆ ಎಂಬ ಸಂಕಲನಗಳೂ ಬಂದವು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹೆಂಗಸರು ಹಾಡಿದ ತ್ರಿಪದಿಗಳು ಇವುಗಳ ಮೂಲಕ ಪುಸ್ತಕಕ್ಕೆ ಬಂದವು.

ಇಲ್ಲಿ ಮಾತನಾಡುವವಳು ಹೆಣ್ಣೇ. ಅವಳ ಪ್ರೀತಿ ಗಂಡನೊಬ್ಬನಿಗೇ ಮೀಸಲಲ್ಲ. ತವರು, ಹಡೆದವ್ವ, ಕರೆಯಲು ಬರುವ ಅಣ್ಣ, ತೊಡೆಯ ಮೇಲಿನ ಕೂಸು, ಜೊತೆಯ ಗೆಳತಿ, ಬೀಸುವ ಕಲ್ಲು ಕೂಡ ಅದರಲ್ಲಿ ಪಾಲುದಾರರು. ಗಂಡನ ಮಾತು ಬಂದಾಗ ನಲ್ಮೆಯೂ ಇದೆ, ಅವನು ದಾರಿ ತಪ್ಪಿದಾಗಿನ ಸಿಟ್ಟೂ ಇದೆ. ಹೆಣ್ಣನ್ನು ಯಾರೋ ಹೊಗಳುವ ಪದ್ಯವಲ್ಲ ಇದು; ಹೆಣ್ಣು ತನಗೆ ಬೇಕಾದವರನ್ನು ಕರೆದು ಮಾತನಾಡುವ ಪದ್ಯ. ಆದರೆ ಇಲ್ಲಿಯೂ ಒಂದು ಕೊರತೆ ಇದೆ. ಸಂಗ್ರಹಿಸಿದವರ ಹೆಸರು ನಮಗೆ ಗೊತ್ತು. ಹಾಡು ಕಟ್ಟಿದವಳ ಹೆಸರು ಗೊತ್ತಿಲ್ಲ. ಬಾಯಿಂದ ಬಾಯಿಗೆ ಬಂದ ಹಾಡಿನ ಸ್ವಭಾವವೇ ಹಾಗೆ ಎಂದು ವಿವರಿಸಬಹುದು. ಮಕ್ಕಳು ಅದನ್ನು ಗಮನಿಸಬೇಕಾದದ್ದಂತೂ ನಿಜ.

ಪಾಠ ಒಂದು: ದುಂಬಿಗಳ ಲೆಕ್ಕ

ತರಗತಿ: ಎಂಟು. ಘಟಕ: ಒಂದು ಚರಾಕ್ಷರವಿರುವ ರೇಖಾತ್ಮಕ ಸಮೀಕರಣಗಳು. ಅವಧಿ: 40 ನಿಮಿಷ. ಪಾಠಯೋಜನೆಯನ್ನು ಐದು ಹಂತಗಳಲ್ಲಿ ರೂಪಿಸಲಾಗಿತ್ತು.

ತೊಡಗಿಸಿಕೊಳ್ಳುವಿಕೆ (5 ನಿಮಿಷ): ಲೀಲಾವತಿಯ ಪ್ರಸಿದ್ಧ ಲೆಕ್ಕವೊಂದನ್ನು ಸರಳ ಕನ್ನಡದಲ್ಲಿ ಹೇಳಲಾಯಿತು. ಒಂದು ಗುಂಪಿನ ದುಂಬಿಗಳಲ್ಲಿ ಐದನೆಯ ಒಂದು ಪಾಲು ಕದಂಬಕ್ಕೆ ಹೋಯಿತು, ಮೂರನೆಯ ಒಂದು ಪಾಲು ಇನ್ನೊಂದು ಹೂವಿಗೆ, ಈ ಎರಡು ಪಾಲುಗಳ ವ್ಯತ್ಯಾಸದ ಮೂರರಷ್ಟು ಮತ್ತೊಂದು ಹೂವಿಗೆ. ಉಳಿದದ್ದು ಒಂದೇ ದುಂಬಿ. ಅದು ಕೇದಗೆ, ಮಾಲತಿ ಎರಡರ ಕಂಪಿಗೂ ಸಿಕ್ಕಿ ಅತ್ತಿತ್ತ ಹಾರಾಡುತ್ತಿದೆ. ಇಬ್ಬರು ನಲ್ಲೆಯರಿಂದ ಒಟ್ಟಿಗೆ ಕರೆ ಬಂದವನ ಪಾಡಿಗೆ ಕವಿ ಅದನ್ನು ಹೋಲಿಸುತ್ತಾನೆ. ಒಟ್ಟು ದುಂಬಿಗಳೆಷ್ಟು?

ಅನ್ವೇಷಣೆ (10 ನಿಮಿಷ): ನಾಲ್ವರ ಗುಂಪುಗಳಲ್ಲಿ ಮಕ್ಕಳು ಭಾಸ್ಕರನ ಇಷ್ಟಕರ್ಮದಂತೆ ಮನಸ್ಸಿಗೆ ಬಂದ ಸಂಖ್ಯೆಯೊಂದನ್ನು ಊಹಿಸಿ ಪರೀಕ್ಷಿಸಿದರು. 30 ಎಂದು ಊಹಿಸಿದರೆ ಪಾಲುಗಳು 6, 10, 12, ಒಟ್ಟು 28, ಉಳಿಯುವುದು 2. ಉಳಿಯಬೇಕಾದದ್ದು 1. ಹಾಗಾದರೆ ಊಹೆಯನ್ನು ಅರ್ಧ ಮಾಡಬೇಕು, ಉತ್ತರ 15.

ವಿವರಣೆ (10 ನಿಮಿಷ): ಅಜ್ಞಾತ ರಾಶಿಗೆ ಭಾಸ್ಕರ ಬೀಜಗಣಿತದಲ್ಲಿ ಬಳಸಿದ ಯಾವತ್ತಾವತ್ ಎಂಬ ಪದದ ಮೊದಲಕ್ಷರ 'ಯಾ' ಅನ್ನೇ ಚರಾಕ್ಷರವಾಗಿ ಕಪ್ಪುಹಲಗೆಯ ಮೇಲೆ ಬರೆಯಲಾಯಿತು. ಯಾ/5 + ಯಾ/3 + 3(ಯಾ/3 − ಯಾ/5) + 1 = ಯಾ. ಛೇದ 15 ಮಾಡಿದರೆ 3ಯಾ, 5ಯಾ, 6ಯಾ ಸೇರಿ 14ಯಾ/15. ಉಳಿದ ಯಾ/15 = 1. ಆದ್ದರಿಂದ ಯಾ = 15. ತಾಳೆ: 3 + 5 + 6 + 1 = 15.

ವಿಸ್ತರಣೆ (10 ನಿಮಿಷ): ಈ ಲೆಕ್ಕವನ್ನು ಕವಿ ಒಬ್ಬ ಹೆಣ್ಣನ್ನು ಪ್ರೀತಿಯಿಂದ ಕರೆದು ಕೇಳುತ್ತಾನೆ ಎಂದು ತಿಳಿಸಿ ಮೂರು ಪ್ರಶ್ನೆಗಳನ್ನು ಮಂಡಿಸಲಾಯಿತು. ಆಮೇಲೆ ಲೀಲಾವತಿಯ ಪರವಾಗಿ ಎರಡು ಮೂರು ವಾಕ್ಯಗಳ ಉತ್ತರ ಬರೆಯಲು ಹೇಳಲಾಯಿತು.

ಮೌಲ್ಯಮಾಪನ (5 ನಿಮಿಷ): ಪ್ರತಿ ಗುಂಪು ತನ್ನದೇ ಹೊಸ ಲೆಕ್ಕವೊಂದನ್ನು ಕಟ್ಟಿ ಪಕ್ಕದ ಗುಂಪಿಗೆ ಕೊಡಬೇಕು.

ನಲ್ಲೆಯರ ಹೋಲಿಕೆ ಬಂದಾಗ ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಆ ಹೋಲಿಕೆಯನ್ನು ಬಿಟ್ಟರೂ ಲೆಕ್ಕ ಕೆಡುವುದಿಲ್ಲ. ಹಾಗಾದರೆ ಏಕೆ ಹೇಳಬೇಕು ಎಂದು ಪಾಠದ ಪೂರ್ವಚರ್ಚೆಯಲ್ಲಿಯೇ ಪ್ರಶ್ನೆ ಬಂದಿತ್ತು. ಹೇಳಲು ಎರಡು ಕಾರಣಗಳಿದ್ದವು. ಒಂದು, ಸಮೀಕರಣದಲ್ಲಿ ಮಕ್ಕಳು ಸಾಮಾನ್ಯವಾಗಿ ಮರೆಯುವುದು ಆ ಸ್ಥಿರಪದ 1 ಅನ್ನು. ಅತ್ತಿತ್ತ ಅಲೆಯುವ ಒಂಟಿ ದುಂಬಿಯ ಚಿತ್ರ ಕಣ್ಣಿಗೆ ಕಟ್ಟಿದ ಮೇಲೆ ಅದನ್ನು ಬಿಟ್ಟವರು ಕಡಿಮೆ. ಎರಡು, ಪ್ರೇಮದ ಮಾತನ್ನು ಶಿಕ್ಷಕರು ಸಹಜ ದನಿಯಲ್ಲಿ ಹೇಳಿ ಮುಂದಕ್ಕೆ ಹೋದರೆ ಅದು ಗುಟ್ಟಿನ ವಸ್ತುವಾಗಿ ಉಳಿಯುವುದಿಲ್ಲ. "ಹೌದು, ದುಂಬಿ ಫಜೀತಿಗೆ ಬಿದ್ದೈತಿ. ಉಳಿದ ಹದಿನಾಲ್ಕು ಎಲ್ಲಿ ಹೋದ್ವು, ಹೇಳ್ರಿ" ಎಂದು ಕೇಳಿದ ಕೂಡಲೇ ನಗು ಲೆಕ್ಕದ ಕಡೆಗೆ ತಿರುಗಿತು. ಉತ್ತರದ ಸುಳಿವನ್ನು ಯಾರು ಹಿಡಿದರು ಎಂಬುದೂ ಆಗಲೇ ಗೊತ್ತಾಯಿತು.

ಲೀಲಾವತಿಯ ಪರವಾಗಿ ಬಂದ ಉತ್ತರಗಳಲ್ಲಿ ಹುಡುಗಿಯೊಬ್ಬಳು ಬರೆದದ್ದು ಹೀಗಿತ್ತು: "ನನ್ನ ಕಣ್ಣಿನ ಮಾತು ಇರಲಿ. ಲೆಕ್ಕ ಆತು, ಹದಿನೈದು. ಈಗ ನಾ ಒಂದು ಕೇಳತೀನಿ, ನೀವು ಹೇಳ್ರಿ." ಅವಳ ಗುಂಪು ಕಟ್ಟಿದ ಲೆಕ್ಕ ತಿಕೋಟಾ ಸೀಮೆಯದೇ: ಕೊಯ್ದ ದ್ರಾಕ್ಷಿ ಬುಟ್ಟಿಗಳಲ್ಲಿ ಅರ್ಧ ಒಣಗಿಸಲು ಹೋದವು, ಕಾಲು ಪಾಲು ಮಾರಾಟಕ್ಕೆ, ಹತ್ತನೆಯ ಒಂದು ಪಾಲು ಬೀಗರಿಗೆ, ಉಳಿದದ್ದು 6 ಬುಟ್ಟಿ. ಒಟ್ಟೆಷ್ಟು? 20, 10, 4, 6 ಸೇರಿ 40. ಪಕ್ಕದ ಗುಂಪಿನ ಹುಡುಗರು ಇದನ್ನು ಬಿಡಿಸಬೇಕಾಯಿತು. ಪ್ರಶ್ನೆ ಕೇಳುವ ಜಾಗಕ್ಕೆ ಹುಡುಗಿ ಬಂದಾಗ ತರಗತಿಯ ಗಮನ ಅವಳ ಲೆಕ್ಕದ ಮೇಲಿತ್ತು.

ಪಾಠ ಎರಡು: ಯಾರ ಹಾಡು, ಯಾರ ಹೆಸರು

ಬಬಲೇಶ್ವರದ ಪಾಠಕ್ಕೆ ಹಿಂದಿನ ದಿನವೇ ಒಂದು ಕೆಲಸ ಕೊಡಲಾಗಿತ್ತು. ಮನೆಯ ಹಿರಿಯರಿಂದ ಒಂದು ತ್ರಿಪದಿಯನ್ನು ಕೇಳಿ ಬರೆದುಕೊಂಡು ಬರಬೇಕು; ಕೆಳಗೆ ಹಾಡಿದವರ ಹೆಸರು, ಅವರು ಯಾರಿಂದ ಕಲಿತರು ಎಂಬುದನ್ನೂ ಬರೆಯಬೇಕು. ಮನೆಯಲ್ಲಿ ಹಾಡು ಸಿಗದವರು ಗರತಿಯ ಹಾಡು ಪುಸ್ತಕದಿಂದ ಆರಿಸಿಕೊಳ್ಳಬಹುದಿತ್ತು.

ಪಾಠ ತ್ರಿಪದಿಯ ಲೆಕ್ಕದಿಂದ ಆರಂಭವಾಯಿತು. ಶಾಸ್ತ್ರದ ಪ್ರಕಾರ ಮೂರು ಸಾಲುಗಳಲ್ಲಿ 4, 4, 3ರಂತೆ ಒಟ್ಟು 11 ಅಂಶಗಣಗಳು. 6 ಮತ್ತು 10ನೆಯವು ಬ್ರಹ್ಮಗಣ, ಉಳಿದವು ವಿಷ್ಣುಗಣ. ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮರಳಿ ಎತ್ತಿಕೊಳ್ಳುತ್ತಾರೆ. ಬೀಸುವ ಕೈಯ ಸುತ್ತಿಗೆ ಈ ಮರುಕಳಿಕೆ ಹೇಗೆ ಹೊಂದುತ್ತದೆ ಎಂಬುದನ್ನು ಮಕ್ಕಳು ಕೈ ತಿರುಗಿಸಿಯೇ ಕಂಡುಕೊಂಡರು.

ಆಮೇಲೆ ಅದೇ ಮೂರು ಪ್ರಶ್ನೆಗಳು. ತಂದ ಹಾಡುಗಳಲ್ಲಿ ತವರು ಮತ್ತು ಅಣ್ಣನ ಮಾತೇ ಹೆಚ್ಚಾಗಿತ್ತು. "ಟೀಚರ್ರೀ, ಗಂಡಗ ಹಾಡಿದ್ದು ಯಾಕ ಕಡಿಮಿ?" ಎಂದು ಒಬ್ಬ ಕೇಳಿದ. ಉತ್ತರ ಇನ್ನೊಬ್ಬಳಿಂದ ಬಂತು: "ಅತ್ತಿ ಮನ್ಯಾಗ ಕುಂತು ಹಾಡಿದ್ದಲ್ಲೇನು? ನೆನಪಾಗೂದು ತವರುಮನಿ." ಶಿಕ್ಷಕರ ವಿವರಣೆಗಿಂತ ಇದು ಹತ್ತಿರದ ಮಾತು. ಮದುವೆಯಾಗಿ ಬೇರೆ ಊರಿಗೆ ಹೋಗುವ ಹೆಣ್ಣಿಗೆ ಪ್ರೀತಿಯೆಂದರೆ ಏನು ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತಿ ಮಕ್ಕಳೇ ಉತ್ತರಿಸಿದರು.

ಹೋಲಿಕೆಗಾಗಿ ಇಂಗ್ಲಿಷ್ ಸಂಕಲನಗಳ ಬಗ್ಗೆ ಹತ್ತು ನಿಮಿಷ ಹೇಳಲಾಯಿತು. ಪದ್ಯಗಳನ್ನು ಓದಿಸಲಿಲ್ಲ, ಮೂರು ಭಾಗಗಳ ಅನುಕ್ರಮ, ಲೀಪರಳ ಬದುಕು, ಗಂಡಸಿನ ಹೆಸರಿನಲ್ಲಿ ಬಂದ ಪುಸ್ತಕ, ಇವಿಷ್ಟೇ ಸಾಕಾಯಿತು. ಕೊನೆಯ ಸಂಗತಿಯನ್ನು ಕೇಳಿದ ಮೇಲೆ ಮಕ್ಕಳು ತಮ್ಮ ಹಾಳೆಗಳ ಕೆಳಗೆ ಬರೆದುಕೊಂಡು ಬಂದಿದ್ದ ಅಜ್ಜಿ, ಅತ್ತೆ, ದೊಡ್ಡವ್ವರ ಹೆಸರುಗಳಿಗೆ ಬೇರೆಯದೇ ತೂಕ ಬಂತು. ಆ ಹಾಳೆಗಳನ್ನು ಹೊಲಿದು ಗೋಡೆಪತ್ರಿಕೆಯ ಪಕ್ಕದಲ್ಲಿ ತೂಗುಹಾಕಲಾಯಿತು. ಹಾಡಿದವರ ಹೆಸರು ಮೇಲೆ, ಬರೆದುಕೊಂಡ ವಿದ್ಯಾರ್ಥಿಯ ಹೆಸರು ಕೆಳಗೆ.

ಅವಲೋಕನ ಮತ್ತು ಸೂಚನೆಗಳು

ಮೂರು ಪಠ್ಯಗಳನ್ನು ಒಟ್ಟಿಗೆ ಇಟ್ಟಾಗ ಕಂಡದ್ದು ಹೀಗೆ. ಬರಿಯ ಓಲೈಕೆಯ ಪದ್ಯದಲ್ಲಿ ಹೆಣ್ಣನ್ನು ಹೊಗಳುತ್ತಾರೆ, ಏನೂ ಕೇಳುವುದಿಲ್ಲ. ಲೀಲಾವತಿಯಲ್ಲಿ ಹೊಗಳುತ್ತಾರೆ, ಕೇಳುತ್ತಾರೆ, ಆದರೆ ಅವಳ ಉತ್ತರ ದಾಖಲಾಗಿಲ್ಲ. ಲೇಡೀಸ್ ಡೈರಿಯಲ್ಲಿ ಉತ್ತರಕ್ಕೆ ಜಾಗವಿದೆ. ಗರತಿಯ ಹಾಡಿನಲ್ಲಿ ಅವಳೇ ಮಾತನಾಡುತ್ತಾಳೆ, ಆದರೆ ಹೆಸರಿಲ್ಲ. ಕಾಲ ಮುಂದೆ ಹೋದಂತೆ ಎಲ್ಲವೂ ಸುಧಾರಿಸಿತು ಎಂದು ಇದರಿಂದ ಹೇಳಲಾಗದು. ಪ್ರತಿ ಪಠ್ಯದಲ್ಲಿಯೂ ಒಂದು ಇದೆ, ಒಂದು ಇಲ್ಲ. ಮಹಿಳಾ ವಿಶ್ವವಿದ್ಯಾಲಯವಿರುವ ಜಿಲ್ಲೆಯಲ್ಲಿ ಶಿಕ್ಷಕರಾಗಲಿರುವ ನಾವು ಆ ಇಲ್ಲದ್ದನ್ನು ತರಗತಿಯಲ್ಲಿ ತುಂಬಬೇಕಾಗಿದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದಾದ ಕೆಲವು ಸೂಚನೆಗಳು:

1. ಪಾಠಟಿಪ್ಪಣಿಯ ಹೇಳಿಕೆ ಲೆಕ್ಕಗಳನ್ನು ಒಮ್ಮೆ ಹೆಸರುಗಳ ದೃಷ್ಟಿಯಿಂದ ಓದಿ. ಭೂಮಿ ಅಳೆಯುವವನು, ಬಡ್ಡಿಗೆ ಹಣ ಇಡುವವನು ಯಾರು? ತರಕಾರಿ ತರುವವಳು ಯಾರು? ಹೆಸರುಗಳನ್ನು ಅದಲುಬದಲು ಮಾಡಲು ಹೆಚ್ಚಿನ ಸಮಯ ಬೇಕಾಗುವುದಿಲ್ಲ.

2. ಹುಡುಗಿಯರನ್ನು ಹೊಗಳುವಾಗ ಮಾಡಿದ ಕೆಲಸವನ್ನು ಹೆಸರಿಸಿ ಹೊಗಳಿ. ಅಕ್ಷರ ದುಂಡಗಿದೆ, ನೋಟ್‌ಬುಕ್ ಚೊಕ್ಕಟವಾಗಿದೆ ಎಂಬಲ್ಲಿಗೇ ನಿಲ್ಲದೆ, ಛೇದವನ್ನು 15 ಮಾಡಿಕೊಂಡದ್ದು ಸರಿಯಾದ ಹೆಜ್ಜೆ ಎಂದು ಹೇಳಿ. ಹೊಗಳಿದ ಮೇಲೆ ಮುಂದಿನ ಪ್ರಶ್ನೆಯನ್ನೂ ಅವಳಿಗೇ ಕೇಳಿ.

3. ಪ್ರೇಮದ ಉಲ್ಲೇಖವಿರುವ ಪಠ್ಯವನ್ನು ಕತ್ತರಿಸುವ ಮೊದಲು ಅದು ಅಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ನೋಡಿ. ಏನನ್ನು ಓದಿಸಬೇಕು, ಏನನ್ನು ಬಿಡಬೇಕು ಎಂದು ಆರಿಸುವ ಪ್ರತಿ ಶಿಕ್ಷಕರೂ ಗೋಲ್ಡ್‌ಸ್ಮಿತ್‌ನಂತೆ ಸಂಕಲನಕಾರರೇ. ಬಿಟ್ಟದ್ದಕ್ಕೂ ಕಾರಣ ಹೇಳಲು ಬರಬೇಕು.

4. ಮನೆಯಿಂದ ಹಾಡು ತರಿಸುವಾಗ ಹಾಡಿದವರ ಒಪ್ಪಿಗೆ ಕೇಳಲು ಮಕ್ಕಳಿಗೆ ಹೇಳಿ. ಹೆಸರು ಬೇಡ ಎಂದವರ ಹೆಸರನ್ನು ಬರೆಯಬಾರದು. ಹೆಸರು ಹೇಳುವುದೂ ಬಿಡುವುದೂ ಹಾಡಿದವರ ಹಕ್ಕು.

5. ಗಣಿತ, ಭಾಷೆ ಎರಡೂ ಪಾಠಗಳನ್ನು ಒಂದೇ ವಾರದಲ್ಲಿ, ಒಂದೇ ತರಗತಿಗೆ ನಡೆಸಲು ಸಾಧ್ಯವಾದರೆ ಉತ್ತಮ. ನಮ್ಮ ಪಾಠಗಳು ಎರಡು ಊರುಗಳಲ್ಲಿ ಹಂಚಿಹೋದ್ದರಿಂದ, ದುಂಬಿಯ ಲೆಕ್ಕ ಬಿಡಿಸಿದ ಮಕ್ಕಳು ತ್ರಿಪದಿಯನ್ನು ಹೇಗೆ ಓದುತ್ತಿದ್ದರು ಎಂಬುದನ್ನು ನೋಡಲು ಅವಕಾಶವಿರಲಿಲ್ಲ. ಮುಂದಿನ ತಂಡದವರು ಇದನ್ನು ಕೈಗೆತ್ತಿಕೊಳ್ಳಬಹುದು.

ಪಾಠಯೋಜನೆಯ ನಮೂನೆಯಲ್ಲಿ ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ ಎಂಬ ಎರಡು ಅಂಕಣಗಳಿವೆ. ಎರಡನೆಯ ಅಂಕಣದಲ್ಲಿ ನಾವು ಸಾಮಾನ್ಯವಾಗಿ 'ವಿದ್ಯಾರ್ಥಿಗಳು ಉತ್ತರಿಸುತ್ತಾರೆ' ಎಂದು ಬರೆಯುತ್ತೇವೆ. ಅದರ ಪಕ್ಕದಲ್ಲಿ 'ವಿದ್ಯಾರ್ಥಿಗಳು ಪ್ರಶ್ನೆ ಕೇಳುತ್ತಾರೆ' ಎಂಬ ಒಂದು ಸಾಲನ್ನೂ ಸೇರಿಸಿ, ಅದಕ್ಕೆ ನಿಮಿಷಗಳನ್ನು ಮೀಸಲಿಡುವುದು ನಾಳೆಯ ಪಾಠದಿಂದಲೇ ಸಾಧ್ಯವಿರುವ ಕೆಲಸ.